ಖಾಲಾನ ಖಿಡಕಿ ದ್ವಾಸಿ

ನನ್ನ ಎರಡೂ ಕೈ ಮುಂಗೈವರೆಗೆ ಕಪ್ಪಾಗಿದ್ದವು. ಹಿತ್ತಲ ಕಲ್ಲಿನ ಮೇಲೆ ಕೂತು ದೇವರ ಸಾಮಾನುಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಹಿತ್ತಾಳೆ ಬೆಳಗಬೇಕಾದರೆ ಮೊದಲು ತಿಕ್ಕುವವರ ಕೈ ಕರಿಯಾಗಬೇಕು, ಅದೇನು ನ್ಯಾಯವೋ ದೇವರೇ ಬಲ್ಲ. ದೀಪದ ಕಂಬ ತಿಕ್ಕಿ ಬಿಸಿಲಿಗೆ ಇಟ್ಟು, ಗಂಟೆಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಮಗಳು ಬಂದು ಹಿತ್ತಲ ಬಾಗಿಲಲ್ಲಿ ನಿಂತಳು.

"ಅವ್ವಾ, ಖಾಲಾ ಹೋದ್ಲಂತ."

"ಮೊನ್ನೇನ ಹೋಗ್ಯಾಳಲ್ಲ ಹಾವೇರಿಗೆ," ಅಂದೆ ನಾನು, ತಲೆ ಎತ್ತದೆ. "ಇವತ್ತು ವಾಪಸ್ ಬರಾಕಿ ಅದಾಳು."

ಮಗಳು ಹತ್ತಿರ ಬಂದು ಕೂತಳು. "ಹಂಗಲ್ಲಬೇ ಅವ್ವಾ," ಅಂದಳು.

ಆಗ ತಿಳಿಯಿತು. ತಿಳಿದರೂ ಕೈ ಗಂಟೆಯನ್ನು ತಿಕ್ಕುತ್ತಲೇ ಇತ್ತು. ಗಂಟೆಯ ಒಂದು ಮಗ್ಗುಲು ಬೆಳಗಿತ್ತು, ಇನ್ನೊಂದು ಮಗ್ಗುಲು ಹಾಗೇ ಮಸಿ. ಅದನ್ನು ಪೂರ್ತಿ ಮಾಡಿ ಏಳಬೇಕೋ, ಅಲ್ಲಿಗೇ ಬಿಟ್ಟು ಏಳಬೇಕೋ ಗೊತ್ತಾಗಲಿಲ್ಲ. ನಮ್ಮ ಲಿಂಗಾಯತರಲ್ಲಿ ಸೂತಕವಿಲ್ಲ ಎಂದು ಮಠದ ಸ್ವಾಮಿಗಳು ಹೇಳುತ್ತಾರೆ. ಮನೆಯಲ್ಲಿ ನಡೆದುಕೊಂಡು ಬಂದದ್ದು ಬೇರೆ. ಅದೂ ಹೋಗಲಿ, ಅವಳು ನಮಗೆ ಏನಾಗಬೇಕು? ಬಳಗದವಳಲ್ಲ, ಜಾತಿಯವಳಲ್ಲ. ಹಾಗಾದರೆ ದೇವರ ಗಂಟೆಯನ್ನು ಯಾಕೆ ಕೆಳಗಿಟ್ಟೆ, ಅದೂ ತಿಳಿಯಲಿಲ್ಲ.

ಖಾಲಾ ಅಂದರೆ ಉರ್ದುವಿನಲ್ಲಿ ಅವ್ವನ ತಂಗಿ, ಚಿಕ್ಕಮ್ಮ. ಅವಳ ಮನೆಯ ಮಕ್ಕಳು ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ, ನನ್ನ ಮಕ್ಕಳೂ ಕರೆದರು. ಮತದಾನದ ದಿನ ಚೀಟಿಯಲ್ಲಿ ಅವಳ ಹೆಸರು ಓದಿ ಹೇಳಿದರೆ, ಇದ್ಯಾರು ಎಂದು ಅವಳೇ ಒಮ್ಮೆ ತಿರುಗಿ ನೋಡುತ್ತಿದ್ದಳು. ಬ್ಯಾಡಗಿಯ ನಮ್ಮ ಓಣಿಯಲ್ಲಿ ನಮ್ಮ ಹಿತ್ತಲಿಗೂ ಅವಳ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಆ ಗೋಡೆಯನ್ನು ಇನ್ನಷ್ಟು ಎತ್ತರಿಸಬೇಕೆಂದು ನಮ್ಮ ಮನೆಯವರು ಎಷ್ಟೋ ಸಲ ಅಂದಿದ್ದಾರೆ. ಇಟ್ಟಿಗೆಯೂ ಬಂದು ಬಿದ್ದಿತ್ತು. ಆದರೆ ಪ್ರತಿ ಸಲ ಏನಾದರೊಂದು ಅಡ್ಡ ಬಂತು, ಇಟ್ಟಿಗೆ ಬಚ್ಚಲಿಗೆ ಹೋಯಿತು. ಅದನ್ನು ನಾನು ದೇವರ ದಯೆ ಎಂದೇ ಎಣಿಸಿಕೊಂಡಿದ್ದೇನೆ.

ಅವಳದು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಪೇಟೆಯಿಂದ ಚೀಲ ಬರುತ್ತಿತ್ತು, ಅಂಗಳದಲ್ಲಿ ಸುರಿದುಕೊಂಡು ಕೂರುತ್ತಿದ್ದಳು. ಅವಳ ಬೆರಳುಗಳ ತುದಿ ಸುಗ್ಗಿ ಮುಗಿದು ಎಷ್ಟೋ ವಾರ ಕಳೆದರೂ ಮೆಹಂದಿ ಹಚ್ಚಿದ ಹಾಗೆ ಕೆಂಪು. ಆ ಬೆರಳಿನಿಂದ ಅವಳು ಎಂದೂ ಕಣ್ಣು ಮುಟ್ಟಿಕೊಳ್ಳಲಿಲ್ಲ, ಮೊಮ್ಮಕ್ಕಳ ಕೆನ್ನೆ ಹಿಂಡಲಿಲ್ಲ. ಹಿಟ್ಟು ಕಲಸುವುದಿದ್ದರೂ ಸೌಟು, ಅನ್ನ ಬಡಿಸುವುದಿದ್ದರೂ ಸೌಟು. ಬೆವರು ಕಣ್ಣಿಗೆ ಇಳಿದರೆ ಮೊಣಕೈ ಮಡಚಿ ಒರೆಸಿಕೊಳ್ಳುವಳು. "ಅಳೂದಿದ್ರೂ ನಾ ಮೊಣಕೈಲೇ ಅಳಬೇಕವ್ವಾ," ಅನ್ನುವಳು, ನಗುತ್ತ.

ನಾನು ಕುಪ್ಪೇಲೂರಿನಿಂದ ಮದುವೆಯಾಗಿ ಬಂದ ಹೊಸದು. ಅತ್ತೆ ಕೆಟ್ಟವರಲ್ಲ, ಆದರೆ ನೇಮದವರು. ನೀರು ತುಂಬಿದ ಕೊಡವನ್ನು ಎಡಗೈಯಲ್ಲಿ ಮುಟ್ಟಿದೆ, ಪೂಜೆಯ ಹೂವನ್ನು ಮೂಸಿದೆ, ಹೀಗೆ ದಿನಕ್ಕೊಂದು ತಪ್ಪು. ಹಿತ್ತಲಲ್ಲಿ ಒಬ್ಬಳೇ ನಿಂತಿದ್ದಾಗ ಗೋಡೆಯಾಚೆಯಿಂದ ದನಿ ಬಂತು: "ಯವ್ವಾ, ಅಳೂದಿದ್ರ ಈ ಕಡೆ ಬಂದು ಅಳು. ಇಲ್ಲಿ ಮೆಣಸಿನಕಾಯಿ ನೆಪಾ ಐತಿ, ಯಾರೂ ಕೇಳೂದಿಲ್ಲ." ನಾನು ಹೋದೆ. ಆ ಕೆಂಪು ರಾಶಿಯ ಪಕ್ಕ ಕೂತು ಸಮಾಧಾನವಾಗುವತನಕ ಅತ್ತುಬಿಟ್ಟೆ. ಅವಳು ಒಂದು ಮಾತೂ ಕೇಳಲಿಲ್ಲ, ತೊಟ್ಟು ಮುರಿಯುತ್ತಲೇ ಇದ್ದಳು. ಮನೆಗೆ ಬಂದಾಗ ಅತ್ತೆ ನನ್ನ ಕಣ್ಣು ನೋಡಿ, "ಘಾಟು ತಗೊಂಡೀಯೇನು? ಕಣ್ಣಿಗೆ ತಣ್ಣೀರು ಹಚ್ಚಿಕೋ," ಅಂದರು, ಅಷ್ಟೇ. ಆಮೇಲೂ ಎಷ್ಟೋ ಸಲ ಹೋಗಿದ್ದೇನೆ.

ಅತ್ತೆಗೂ ಖಾಲಾಗೂ ಗೋಡೆಯ ಮೇಲಿನ ಮಾತು ನಡೆಯುತ್ತಿತ್ತು. ಅತ್ತೆ ಅನ್ನುವರು, "ಏನಬೇ, ನಿನ್ನ ಮೆಣಸಿನಕಾಯಿ ಘಾಟಿಗೆ ನಮ್ಮ ದೇವ್ರಿಗೂ ಸೀನು ಬರಾಕತ್ತಾವ." ಖಾಲಾ ಅನ್ನುವಳು, "ಬರ್ಲಿ ಬಿಡ್ರಿ ಅಕ್ಕಾ. ಸೀನಿದಾಗರೆ ನಮ್ಮ ಕಡೆ ಹೊಳ್ಳಿ ನೋಡ್ತಾನ." ಅತ್ತೆ ನಗುವುದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವರು.

ಆದರೆ ಊಟದ ವಿಷಯದಲ್ಲಿ ಅತ್ತೆ ತಾವೇ ಒಂದು ಗೆರೆ ಎಳೆದುಕೊಂಡಿದ್ದರು. ಅವರು ಲಿಂಗಪೂಜೆ ಮಾಡದೆ ನೀರೂ ಕುಡಿಯದವರು. ಖಾಲಾನ ಮನೆಯಿಂದ ಬಂದದ್ದು, ಹುರಿದದ್ದು ಸುಟ್ಟದ್ದು ಆದರೆ ನಡೆಯುತ್ತದೆ. ಅವರ ಮನೆಯ ನೀರು ಬಿದ್ದದ್ದು ನಡೆಯುವುದಿಲ್ಲ. ಶೇಂಗಾ, ಪುಟಾಣಿ, ಕೆಂಡದಲ್ಲಿ ಸುಟ್ಟ ಗೋವಿನಜೋಳ, ಇವಕ್ಕೆ ಅಡ್ಡಿಯಿಲ್ಲ. ಈ ಗೆರೆಯನ್ನು ಖಾಲಾಗೆ ಯಾರೂ ಹೇಳಿರಲಿಲ್ಲ. ಅವಳೇ ನೋಡಿ ತಿಳಿದುಕೊಂಡು, ಎಂದೂ ದಾಟಲಿಲ್ಲ.

ಇನ್ನೊಂದಿತ್ತು. ದೀಪ ಹಚ್ಚಿದ ಮೇಲೆ ಬಿಳಿಯ ವಸ್ತುವನ್ನು ಹೊರಗೆ ಕೊಡಬಾರದು, ಹಾಲು, ಮೊಸರು, ಉಪ್ಪು ಯಾವುದೂ. ಇದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಆದರೆ ಅತ್ತೆ ಒಂದು ಹೆಜ್ಜೆ ಮುಂದೆ. ದೀಪದ ಮುಂದೆ ಅವುಗಳ ಹೆಸರನ್ನೂ ಎತ್ತಬಾರದು, ಲಕ್ಷ್ಮಿ ಎದ್ದು ಹೋಗುತ್ತಾಳೆ ಅನ್ನುವರು. ನಮ್ಮ ಮನೆಯಲ್ಲೇ ನಾವು ಮರೆತು ಬಾಯಿ ಬಿಟ್ಟು ಬೈಸಿಕೊಳ್ಳುತ್ತಿದ್ದೆವು. ಖಾಲಾ ಮಾತ್ರ ಎಂದೂ ಮರೆಯಲಿಲ್ಲ. ಸಂಜೆ ನಮ್ಮ ಜಗಲಿಯ ದೀಪ ಕಂಡಿತೆಂದರೆ ಅವಳ ಬಾಯಲ್ಲಿ ಎಲ್ಲವೂ "ಬಿಳೀದು". "ನಾಳೆ ಮುಂಜಾನೆ ಒಂಚೂರು ಬಿಳೀದು ಬೇಕಾಗಿತ್ತವ್ವಾ," ಎಂದು ಒಂದು ಸಂಜೆ ಹೇಳಿ ಹೋದಳು. ಬೆಳಿಗ್ಗೆ ನಾನು ಬಟ್ಟಲು ತುಂಬ ಪುಡಿ ಉಪ್ಪು ಕೊಟ್ಟೆ. ಅವಳಿಗೆ ಬೇಕಾಗಿದ್ದದ್ದು ಸಕ್ಕರೆ. ಅವಳೂ ನೋಡದೆ ಚಹಾಕ್ಕೆ ಹಾಕಿ, ಬಂದ ಬೀಗರಿಗೆ ಕೊಟ್ಟಿದ್ದಳು. "ಬೀಗರು ಇನ್ನ ವರ್ಷಾನುಗಟ್ಲೆ ನಮ್ಮ ಉಪ್ಪಿನ ಋಣದಾಗ ಇರ್ತಾರ," ಎಂದು ಹೇಳಿ ನಕ್ಕದ್ದೇ ನಕ್ಕದ್ದು.

ಇಂಥ ಖಾಲಾನ ಮನೆಗೆ ಒಂದು ದಿನ ರಾಣೇಬೆನ್ನೂರಿನಿಂದ ಒಂದು ಯಂತ್ರ ಬಂತು. ಅವಳ ಕಿರಿಯ ಅಳಿಯ ಅಲ್ಲಿ ವಾಫಲ್ ಎಂಬ ಪರದೇಶದ ತಿಂಡಿಯ ಗಾಡಿ ಹಾಕಿದ್ದ. ಮಿರ್ಚಿ ಭಜಿ, ಗಿರಮಿಟ್ಟು ಬಿಟ್ಟು ಮಂದಿ ಇದನ್ನು ಯಾಕೆ ತಿಂದಾರು? ಗಾಡಿ ನಿಂತಿತು, ಅಳಿಯ ಬೇರೆ ಕೆಲಸ ಹಿಡಿದ, ಯಂತ್ರ ಅವನ ಅತ್ತೆ ಖಾಲಾನ ಮನೆಗೆ ಬಂತು. ಎರಡು ಕಬ್ಬಿಣದ ತಾಟು, ಒಳಗೆಲ್ಲ ಚೌಕ ಚೌಕ ಮನೆ, ಪುಸ್ತಕದ ಹಾಗೆ ಮುಚ್ಚುತ್ತದೆ, ಕರೆಂಟಿನಿಂದ ಕಾಯುತ್ತದೆ. ಖಾಲಾಗೆ ಅದರ ಹೆಸರು ಕಡೆತನಕ ಬಾಯಿಗೆ ಹತ್ತಲಿಲ್ಲ. "ವಾಪಸ್ ಮಾಡೇನಿ, ತಿಂತೀಯೇನ ಬೇಟಿ?" ಎಂದು ನನ್ನ ಮಗಳನ್ನು ಕರೆಯುವಳು. ಮಗಳು ಬಿದ್ದು ಬಿದ್ದು ನಗುವಳು. "ಯಾಕ ನಗತೀ? ರಾಣೇಬೆನ್ನೂರಿಂದ ವಾಪಸ್ ಬಂದೈತಿ, ಅದರ ಹೆಸರು ಮತ್ತೇನು ಇಡಬೇಕು?" ಅನ್ನುವಳು. ನಮ್ಮ ಅತ್ತೆ ಅದನ್ನು ಗೋಡೆಯ ಮೇಲಿಂದ ಬಗ್ಗಿ ನೋಡಿ, "ಇದೇನಬೇ, ಖಿಡಕಿ ದ್ವಾಸಿ," ಅಂದರು. ಮೈತುಂಬ ಕಿಟಕಿಯಿದ್ದ ಆ ದೋಸೆಗೆ ಓಣಿಯಲ್ಲಿ ಆ ಹೆಸರೇ ಉಳಿಯಿತು.

ಮೊದಮೊದಲು ಆ ದೋಸೆಗಳು ಒದ್ದೆ ಅರಿವೆಯ ಹಾಗೆ ಬಂದವು. ಅರ್ಧ ಮೇಲಿನ ತಾಟಿಗೆ, ಅರ್ಧ ಕೆಳಗಿನ ತಾಟಿಗೆ ಹತ್ತಿಕೊಂಡು ಹರಿಯುವವು. ಮಗಳು ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಓದಿ ಹೇಳಿದಳು. ಮೈದಾ, ಬೆಣ್ಣೆ, ಏನೇನೋ ಎಸೆನ್ಸು, ಮತ್ತೆ ಎಲ್ಲದರಲ್ಲೂ ಕೋಳಿ ತತ್ತಿ. ತತ್ತಿಯ ಬಿಳಿ ಭಾಗವನ್ನು ಬೇರೆ ಮಾಡಿ ನೊರೆ ಬರುವ ಹಾಗೆ ಬಡಿಯಬೇಕು, ಆಗಲೇ ಗರಿಗರಿ ಎಂದು ವಿಡಿಯೋದಲ್ಲಿ ಒಬ್ಬಳು ಹೇಳಿದಳು. ಖಾಲಾ ಕೇಳಿಸಿಕೊಂಡು, "ಬಂದ್ ಮಾಡವ್ವಾ ಅದನ್ನ. ಅಂಗಡಿಗೆ ಓಡಿಸ್ತಾಳಕಿ. ಮನಿಯಾಗ ಏನೈತಿ ಅದರಾಗ ಆಗಬೇಕು," ಅಂದಳು. ಡಬ್ಬಿಯಲ್ಲಿದ್ದ ಗೋಧಿ ಹಿಟ್ಟು, ಅಕ್ಕಿ ಹಿಟ್ಟು, ಸಕ್ಕರೆ, ತುಪ್ಪ ಇವನ್ನೇ ಹೀಗೆ ಹಾಗೆ ಮಾಡುತ್ತ ಹೋದಳು. ಒಮ್ಮೆ ಕಲ್ಲಾಯಿತು, ಒಮ್ಮೆ ಹಲ್ವಾ ಆಯಿತು. ಓಣಿಯ ಆಡುಗಳೂ ಅದನ್ನು ತಿನ್ನಲಿಲ್ಲ. ಆಮೇಲೆ ಒಂದು ದಿನ ಗೋಡೆಯಾಚೆಯಿಂದ ಕರುಂ ಎಂಬ ಸದ್ದು ಕೇಳಿಸಿತು.

ಅದು ಶ್ರಾವಣದ ಒಂದು ಸೋಮವಾರ. ಅತ್ತೆಯದು ಒಪ್ಪತ್ತು, ಸಂಜೆ ಪೂಜೆಯಾದ ಮೇಲೆಯೇ ಬಾಯಿಗೆ ಏನಾದರೂ. ಅಗಡಿಯಿಂದ ನಾದಿನಿ ಬಂದಿದ್ದಳು. ದೀಪ ಹಚ್ಚಿ ಪೂಜೆ ಮುಗಿಸಿ ಅತ್ತೆ ಹಿತ್ತಲಿಗೆ ಬರುವ ಹೊತ್ತಿಗೆ ಖಾಲಾ ಬಿಳಿ ವಸ್ತ್ರ ಮುಚ್ಚಿದ ತಾಟು ಗೋಡೆಯ ಮೇಲಿಟ್ಟಳು.

"ಅಕ್ಕಾ, ಇದು ಸುಟ್ಟದ್ದರಿ. ನೀರು ಒಂದು ಹನಿ ಸುದ್ದಾ ಬಿದ್ದಿಲ್ಲ ಇದಕ್ಕ. ಉಪವಾಸ ಬಿಡೂ ಹೊತ್ತಿಗೆ ಬಿಸಿಬಿಸಿ ತಂದೇನಿ."

ಅತ್ತೆ ಒಂದು ಗಳಿಗೆ ನಿಂತರು. ಆಮೇಲೆ ಕೈ ಚಾಚಿ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು. ಆ ಮನೆಯಲ್ಲಿ ಕಲಸಿ ಮಾಡಿದ್ದನ್ನು ಅವರು ತಿಂದದ್ದು ಅದೇ ಮೊದಲು. ಇನ್ನೊಂದು ತುಂಡನ್ನೂ ಮುರಿದರು.

"ಹಪ್ಪಳ ಆದಂಗ ಆಗೈತಲ್ಲಬೇ. ಒಳಗ ಮಾತ್ರ ಮೆತ್ತಗ. ಏನು ಹಾಕೀದಿ ಇದಕ್ಕ?"

"ಏನಿಲ್ರಿ ಅಕ್ಕಾ. ಬಿಳೀದು ಚೊಲೋತ್ನಾಗೆ ಬಡದು ಹಾಕೇನಿ," ಅಂದಳು ಖಾಲಾ, ಖುಷಿಯಿಂದ. ಮನೆಯೊಳಗಿಂದ ಯಾರೋ ಕರೆದರು, ಹೋದಳು.

ನಾದಿನಿ ನನ್ನ ಮುಖ ನೋಡಿದಳು. "ಬಡದು ಹಾಕೂ ಬಿಳೀದು ಅಂದ್ರ ತತ್ತೀದ ಅಲ್ಲೇನು? ನಾ ಮೊಬೈಲ್‌ದಾಗ ನೋಡೇನಿ. ಇದಕ್ಕ ಅದ ಬೀಳಬೇಕು, ಇಲ್ಲಂದ್ರ ಹಿಂಗ ಆಗೂದ ಇಲ್ಲ."

ಅತ್ತೆಯ ಬಾಯಿ ನಿಂತಿತು. ಅವರು ಕೂಗಾಡಲಿಲ್ಲ. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದರು, ತಣ್ಣೀರು ಹೊಯ್ದುಕೊಂಡು ಸ್ನಾನ ಮಾಡಿದರು, ಮತ್ತೆ ಪೂಜೆಗೆ ಕೂತರು. ಅಂದು ಊಟ ಮಾಡಲಿಲ್ಲ. ಬೆಳಿಗ್ಗೆ ಆ ತಾಟನ್ನು ತೊಳೆದು, ಖಾಲಿ ತಾಟನ್ನೇ ಗೋಡೆಯ ಮೇಲಿಟ್ಟರು.

ಖಾಲಿ ತಾಟು ವಾಪಸ್ ಕೊಡುವುದೆಂದರೆ ಏನೆಂದು ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏನೂ ಇಲ್ಲದಿದ್ದರೆ ಒಂದು ಬೆಲ್ಲದ ಚೂರನ್ನಾದರೂ ಇಟ್ಟು ಕೊಡುತ್ತೇವೆ. ಖಾಲಾ ಬಂದು ಆ ತಾಟು ನೋಡಿದಳು. ಕೈಗೆ ತೆಗೆದುಕೊಂಡು ಒಳಗೆ ಹೋದಳು.

ಆ ದಿನಗಳಲ್ಲಿ ನನಗೆ ತಲೆಯೇ ಓಡಲಿಲ್ಲ. ಬಿಳೀದು ಅಂದರೆ ಉಪ್ಪೂ ಹೌದು, ಸಕ್ಕರೆಯೂ ಹೌದು, ಹಾಲೂ ಹೌದು. ತತ್ತಿಯದೂ ಬಿಳಿಯೇ. ಅವರ ಮನೆಯಲ್ಲಿ ತತ್ತಿ ಇರುವುದು ಸುಳ್ಳಲ್ಲ. ಖಾಲಾ ನಮಗೆ ತಿನ್ನಿಸುವವಳಲ್ಲ ಎಂದು ಒಂದು ಮನಸ್ಸು. ವಿಡಿಯೋ ನೋಡಿ, ಸ್ವಲ್ಪವೇ ಅಲ್ಲವೇ ಅಂದುಕೊಂಡು ಹಾಕಿರಬಹುದೇ ಎಂದು ಇನ್ನೊಂದು ಮನಸ್ಸು. ಹೋಗಿ ಕೇಳಿದರೆ, ನಿನ್ನ ಮೇಲೆ ನಂಬಿಕೆಯಿಲ್ಲ ಎಂದ ಹಾಗೆ. ಕೇಳದಿದ್ದರೆ ಅತ್ತೆ ಇನ್ನು ಆ ಕೈಯಿಂದ ಒಂದು ಶೇಂಗಾ ಕಾಳನ್ನೂ ಮುಟ್ಟುವುದಿಲ್ಲ, ಗೋಡೆ ಎತ್ತರವಾಗುತ್ತದೆ. ಶನಿವಾರ ಕದರಮಂಡಲಗಿಗೆ ಹೋದಾಗ ಹನುಮಪ್ಪನ ಮುಂದೆ ನಿಂತು ಏನು ಬೇಡಬೇಕೆಂದೇ ತಿಳಿಯಲಿಲ್ಲ. ತತ್ತಿ ಹಾಕಿರದೆ ಇರಲಿ ಎಂದು ಬೇಡೋಣವೆಂದರೆ, ಆದದ್ದು ಆಗಿಹೋಗಿದೆ, ದೇವರಾದರೂ ಅದನ್ನು ಹೇಗೆ ಬದಲಿಸಿಯಾನು? ಸುಮ್ಮನೆ ಕೈಮುಗಿದು ಬಂದೆ.

ಖಾಲಾನೂ ಕೇಳಲಿಲ್ಲ. ನಾದಿನಿಯ ಮಾತು ಓಣಿಯಲ್ಲಿ ತಿರುಗಿ ಅವಳ ಕಿವಿಗೆ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಕಾಯಿಪಲ್ಲೆಯವಳು ಬಾಯಿ ತಡೆಯಲಾರದೆ ಹೇಳಿದ್ದಳು. ಆದರೂ ಅವಳು ಗೋಡೆಯ ಹತ್ತಿರ ಬಂದರೆ ಬಿಸಿಲಿನ ಮಾತು, ನಲ್ಲಿ ನೀರಿನ ಮಾತು, ಅಷ್ಟೇ. ಆ ಯಂತ್ರದ ಬಗ್ಗೆ ಅವಳದೊಂದು ಮಾತಿತ್ತು: "ಹಬಿ ನಿಲ್ಲೂತನ ಬಾಯಿ ತೆಗೀಬಾರದು." ಹಿಟ್ಟು ಹೊಯ್ದು ಮುಚ್ಚಿದ ಮೇಲೆ ಪಕ್ಕದಿಂದ ಹಬೆ ಬರುತ್ತದೆ, ಅದು ಪೂರ್ತಿ ನಿಲ್ಲುವ ಮೊದಲು ಅವಸರ ಮಾಡಿ ತೆರೆದರೆ ಎರಡು ಹೋಳಾಗಿ ಹರಿಯುತ್ತದೆ. ಅವಳು ಮನುಷ್ಯರ ವಿಷಯದಲ್ಲೂ ಹಾಗೇ ಇದ್ದಳೋ ಏನೋ.

ಒಂದು ಮುಂಜಾನೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಗೋಡೆಯಾಚೆಯಿಂದ ಕರೆದಳು. "ಅಕ್ಕಾ, ಸ್ವಲ್ಪ ಹೊರಗ ಬರ್ರಿ. ಹಂಗ ನಿಮ್ಮ ಮನೀದ ಒಂದು ಪ್ಲಗ್ಗು ಕೊಡ್ರಿ."

"ಯಾಕ, ನಿಮ್ಮನಿ ಕರೆಂಟಿಗೆ ಏನಾಗೈತಿ?" ಅತ್ತೆ ಒಳಗಿಂದಲೇ.

"ಏನಾಗಿಲ್ರಿ. ಕರೆಂಟೂ ನಿಮ್ಮ ಮನೀದ ಇರ್ಲಿ ಅಂತ."

ಮಗಳು ಉದ್ದದ ವಾಯರು ಎಳೆದು ತಂದಳು. ಖಾಲಾ ಗೋಡೆಯ ಮೇಲೆ ಯಂತ್ರ ಇಟ್ಟಳು. ಅದರ ಪಕ್ಕ ಸಾಲಾಗಿ ಡಬ್ಬಿಗಳು, ಬಟ್ಟಲುಗಳು. ಅತ್ತೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆ ತೆಗೆದುಕೊಳ್ಳುವವರ ಹಾಗೆ ನಿಂತರು. ನನಗೆ ನಿಲ್ಲಲೂ ಆಗಲಿಲ್ಲ, ಒಳಗೆ ಹೋಗಲೂ ಆಗಲಿಲ್ಲ. ಒಗೆದ ಅರಿವೆಯನ್ನೇ ಮತ್ತೆ ಹಿಂಡುತ್ತ ನಿಂತೆ.

ಖಾಲಾ ಒಂದೊಂದನ್ನೇ ಎತ್ತಿ ತೋರಿಸಿ ಹಾಕಿದಳು. ಗೋಧಿ ಹಿಟ್ಟು ಒಂದು ಬಟ್ಟಲು. ಅದಕ್ಕೆ ಅರ್ಧದಷ್ಟು ಅಕ್ಕಿ ಹಿಟ್ಟು. "ಗರಿ ಬರೂದು ಇದರಿಂದರಿ." ಕುಟ್ಟಿದ ಸಕ್ಕರೆ, ಉಪ್ಪಿನ ಒಂದು ಹರಳು, ಯಾಲಕ್ಕಿ. ಆಮೇಲೆ ಒಂದು ಗಡಿಗೆಯ ಮುಚ್ಚಳ ತೆಗೆದು ಅತ್ತೆಯ ಮುಂದೆ ಹಿಡಿದಳು. ಗಟ್ಟಿ ಮೊಸರು. ಕಡಗೋಲು ಹಾಕಿ ಬಡಿಯತೊಡಗಿದಳು. ನೊರೆ ಎದ್ದಿತು. ಚಿಟಿಕೆ ಸೋಡಾ ಬಿದ್ದಾಗ ಹಾಲಿನ ಹಾಗೆ ಉಕ್ಕಿ ಬಂತು. ಅದನ್ನು ಹಿಟ್ಟಿಗೆ ಸುರಿದು, ಬಿಸಿ ತುಪ್ಪ ಹಾಕಿ, ಸೌಟಿನಿಂದ ಮೆಲ್ಲಗೆ ಒಂದೆರಡು ಸುತ್ತು ತಿರುವಿ ಬಿಟ್ಟಳು. "ಬಾಳ ತಿರುವಬಾರದ್ರಿ, ಚರ್ಮ ಆಗತೈತಿ."

ಅತ್ತೆ ಹಿಟ್ಟನ್ನು ನೋಡಲಿಲ್ಲ, ಗಡಿಗೆಯನ್ನೇ ನೋಡುತ್ತಿದ್ದರು.

"ಅವತ್ತೂ ಇದನ್ನ ಹಾಕಿದ್ದಿಯೇನು?"

"ಇದನ್ನರಿ ಅಕ್ಕಾ."

"ಎಲ್ಲೀದು ಇದು?"

"ನಿಮ್ಮ ಮನೀದ. ಅವತ್ತೂ ನಿಮ್ಮ ಮನೀದ, ಇವತ್ತೂ ನಿಮ್ಮ ಮನೀದ. ನಮ್ಮ ಮನಿ ನೀರು ನಿಮಗ ನಡೆಯಂಗಿಲ್ಲಲ್ರಿ. ಅದಕ್ಕ ನೀರು ಬ್ಯಾಡ, ಮೊಸರಿನಾಗ ಕಲಸೂಣು ಅಂದೆ. ಎರಡೂ ಸಲ ನಿಮ್ಮ ಮೊಮ್ಮಗಳು ಮುಂಜಾನೆ ಕೊಟ್ಟಿದ್ಲು."

ಮಗಳು ಹೌದೆಂದು ತಲೆಯಾಡಿಸಿದಳು. ಅವಳನ್ನು ಕೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಅತ್ತೆಯ ದನಿ ಏರಿತು. "ಹಂಗಾದ್ರ ಬಿಳೀದು ಬಿಳೀದು ಅಂತ ಯಾಕ ಅಂದಿ? ಮೊಸರು ಅನ್ನಾಕ ಏನಾಗಿತ್ತಬೇ ನಿನಗ?"

ಖಾಲಾ ಅವರನ್ನು ನೋಡಿದಳು. ಕೋಪವಿರಲಿಲ್ಲ, ಇದೇನು ಹೀಗೆ ಕೇಳುತ್ತಾರೆ ಎಂಬಂತೆ ನೋಡಿದಳು.

"ದೀಪಾ ಹಚ್ಚಿತ್ತಲ್ರಿ ಅಕ್ಕಾ."

ಹಾಗೆಂದು ಹಿಟ್ಟನ್ನು ಯಂತ್ರಕ್ಕೆ ಹೊಯ್ದು ಮುಚ್ಚಿದಳು. ಯಂತ್ರದ ಪಕ್ಕದಿಂದ ಹಬೆ ಬರುತ್ತಿತ್ತು. ಅದು ಸಣ್ಣದಾಗಿ, ಎಳೆಯಾಗಿ, ನಿಲ್ಲುವವರೆಗೆ ಎಲ್ಲರೂ ಅದನ್ನೇ ನೋಡುತ್ತ ನಿಂತೆವು. ಆಗ ಖಾಲಾ ತೆರೆದಳು. ಕೆಂಪಗೆ, ಇಡಿಯಾಗಿ ಎದ್ದು ಬಂತು. ಬೋರಲು ಹಾಕಿದ ಬಿದಿರಿನ ಬುಟ್ಟಿಯ ಮೇಲೆ ಹಾಕಿದಳು. ತಾಟಿನಲ್ಲಿ ಹಾಕಿದರೆ, ಒಂದರ ಮೇಲೊಂದು ಒಟ್ಟಿದರೆ, ತನ್ನ ಬೆವರಿಗೆ ತಾನೇ ಮೆತ್ತಗಾಗುತ್ತದೆ ಅನ್ನುವಳು, ಕೆಳಗಿನಿಂದಲೂ ಗಾಳಿಯಾಡಬೇಕು.

ಅತ್ತೆ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡರು. ಸದ್ದು ನನಗೂ ಕೇಳಿಸಿತು. ನಿಧಾನವಾಗಿ ಅಗಿದರು.

"ಯಾಲಕ್ಕಿ ಒಂಚೂರು ಹೆಚ್ಚಾತು," ಅಂದರು.

ನಮ್ಮ ಅತ್ತೆ ತಪ್ಪಾಯಿತು ಎಂದು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಇದಕ್ಕಿಂತ ಹತ್ತಿರ ಅವರು ಎಂದೂ ಬಂದವರಲ್ಲ. ಖಾಲಾಗೆ ಅದು ತಿಳಿಯಿತು. ಮೊಣಕೈ ಮಡಚಿ ಕಣ್ಣು ಒರೆಸಿಕೊಂಡಳು. ಆ ದಿನಗಳಲ್ಲಿ ಅವಳ ಅಂಗಳದಲ್ಲಿ ಮೆಣಸಿನಕಾಯಿ ಇರಲಿಲ್ಲ.

ಎಲ್ಲ ತಿಳಿಯಾದ ಮೇಲೂ ನನ್ನ ಮನಸ್ಸು ತಿಳಿಯಾಗಲಿಲ್ಲ. ಎಷ್ಟೋ ದಿನ ಬಿಟ್ಟು, ಇಬ್ಬರೇ ಇದ್ದಾಗ ಕೇಳಿಯೇಬಿಟ್ಟೆ. "ಖಾಲಾ, ಒಂದು ವ್ಯಾಳ್ಯಾ ತತ್ತಿ ಹಾಕಿದ್ರ ಏನು ಮಾಡತಿದ್ದಿ?"

"ಹಾಕಿದ್ರ ಹಾಕೇನಿ ಅಂತ ಹೇಳತಿದ್ದೆ. ಅಕ್ಕ ತಿಂತಿದ್ದಿಲ್ಲ. ತಿನ್ನದಿದ್ರ ಏನಾಗತಿತ್ತು? ಕೊಡೂದು ನನ್ನ ಕೆಲಸ, ಬ್ಯಾಡ ಅನ್ನೂದು ಅಕ್ಕನ ಕೆಲಸ. ಅದರಾಗ ಸಿಟ್ಟಿಲ್ಲ ಬೇಟಿ. ಮುಚ್ಚಿಟ್ಟು ತಿನಸೂದು ಮಾತ್ರ ಯಾರ ಕೆಲಸಾನೂ ಅಲ್ಲ." ಆಮೇಲೆ ಗೋಡೆಯ ಕಡೆ ನೋಡಿ, "ನಾ ಅಂಥಾಕಿ ಅಂತ ಅಕ್ಕಗ ಯಾಕ ಅನಸ್ತು, ಅದೊಂದು ನನಗ ತಿಳೀವಲ್ದು," ಅಂದಳು.

ನನಗೂ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ. ಗೆರೆಯನ್ನು ಎಳೆದವರು ನಾವು. ಅದನ್ನು ನಮಗಿಂತ ಹೆಚ್ಚು ಜೋಪಾನ ಮಾಡಿದವಳು ಅವಳು. ಆ ಜೋಪಾನವೇ ಅವಳ ಮೇಲೆ ಸಂಶಯವಾಗಿ ಬಂದು ಬಿತ್ತು. ಹಾಗಾದರೆ ನೇಮ ತಪ್ಪೇ? ಹಾಗನ್ನಲು ನನಗೆ ಬಾಯಿ ಬರುವುದಿಲ್ಲ. ನಾನೂ ದಿನಾ ದೀಪ ಹಚ್ಚುವವಳು. ನೇಮ ಸರಿಯೇ? ಹಾಗನ್ನಲು ಹೋದರೆ ಆ ಖಾಲಿ ತಾಟು ಕಣ್ಣ ಮುಂದೆ ಬರುತ್ತದೆ. ದೇವರು ಒಂದು ದಯೆ ಮಾಡಿದ: ಅವಳು ಬದುಕಿರುವಾಗಲೇ ಅತ್ತೆ ಬಾಯಿ ಬಿಟ್ಟು ಕೇಳುವ ಹಾಗೆ ಮಾಡಿದ. ಅಷ್ಟು ಸಾಕು ಅಂದುಕೊಳ್ಳುತ್ತೇನೆ.

ಈಚೆಗೆ ಅವಳಿಗೆ ದಮ್ಮು ಹತ್ತುತ್ತಿತ್ತು. ಮೆಣಸಿನಕಾಯಿಯ ಧೂಳು ಎಂದು ಕೆಲವರು, ವಯಸ್ಸು ಎಂದು ಕೆಲವರು. ಮೊನ್ನೆ ಅವಳ ಮಗ ಹಾವೇರಿಯ ದವಾಖಾನೆಗೆ ತೋರಿಸಲು ಕರೆದುಕೊಂಡು ಹೊರಟಾಗ ಗೋಡೆಯ ಹತ್ತಿರ ಬಂದು, "ಅಕ್ಕಾ, ಹೋಗಿ ಬರತೇನ್ರಿ," ಅಂದಿದ್ದಳು. ಅತ್ತೆ, "ಲಗೂನ ಬಾ, ಮಾತಾಡಾಕ ಯಾರೂ ಇಲ್ಲ," ಅಂದಿದ್ದರು. ಹೆಚ್ಚು ನರಳಲಿಲ್ಲವಂತೆ, ಮುಂಜಾನೆ ಚಹಾ ಕುಡಿದು ಒರಗಿದವಳು ಹಾಗೇ. ಅದೂ ಒಂದು ದಯೆಯೇ.

ಗಂಟೆಯನ್ನು ಅಲ್ಲೇ ಬಿಟ್ಟು ಕೈ ತೊಳೆದುಕೊಂಡು ಹೋದೆ. ಅವಳನ್ನು ತಂದು ನಡುಮನೆಯಲ್ಲಿ ಮಲಗಿಸಿದ್ದರು. ಹೆಂಗಸರು ಕೂತು ಮೆಲ್ಲಗೆ ಕುರಾನ್ ಓದುತ್ತಿದ್ದರು. ನಾನು ಎಲ್ಲಿ ಕೂರಬೇಕು, ಕೈಮುಗಿಯಬೇಕೋ ಬೇಡವೋ, ಒಂದೂ ತಿಳಿಯಲಿಲ್ಲ. ಬಾಗಿಲ ಬದಿಗೆ ಕೂತು ನನಗೆ ಬರುವ ಶಿವನ ಹೆಸರನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ. ಅವಳ ಸೊಸೆ ಬಂದು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತಳು. "ಊರಿಂದ ಬಳಗಾ ಬರಾಕತ್ತೈತಿ ಅಕ್ಕಾರ. ಇನ್ನ ನಮ್ಮನಿಯಾಗ ಒಲಿ ಹಚ್ಚಂಗಿಲ್ಲ," ಅಂದಳು. ಸತ್ತವರ ಮನೆಗೆ ಆಜುಬಾಜಿನವರು, ಬಳಗದವರು ಊಟ ಕಳಿಸುವುದು ಅವರ ಪದ್ಧತಿ. ನಮ್ಮಲ್ಲೂ ಅದೇ ಇದೆ. ನಾನು ಕಳಿಸುತ್ತೇನೆ ಎನ್ನುವ ಮಾತು ಬಾಯಿಯವರೆಗೆ ಬಂತು. ಕಳಿಸಬಹುದೋ, ದೂರದಿಂದ ಬಂದವರು ಏನಂದಾರೋ, ಮನೆಯಲ್ಲಿ ಅತ್ತೆ ಏನಂದಾರೋ. ಹೇಳದೆ ಎದ್ದು ಬಂದೆ.

ಹಿತ್ತಲಿನಿಂದಲೇ ಬಂದು ಬಚ್ಚಲ ಬಾಗಿಲಲ್ಲಿ ನಿಂತೆ. ಸ್ನಾನ ಮಾಡಿ ಒಳಗೆ ಹೋಗಬೇಕೋ, ಹಾಗೇ ಹೋಗಬಹುದೋ. ಅತ್ತೆ ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅವರಿಗೀಗ ನಡೆಯುವುದು ಕಷ್ಟ. ನನ್ನನ್ನು ನೋಡದೆಯೇ ಕೇಳಿದರು.

"ಮಂದಿ ಬಾಳ ಬಂದೈತೇನ?"

"ಬರಾಕತ್ತೈತ್ರಿ ಅತ್ತಿ. ಅವರ ಮನಿಯಾಗ ಒಲಿ ಹಚ್ಚಂಗಿಲ್ಲಂತ."

ಅತ್ತೆ ಗೋಡೆಯ ಮೇಲೆ ಖಾಲಾ ತಾಟು ಇಡುತ್ತಿದ್ದ ಜಾಗವನ್ನೇ ನೋಡಿದರು. ಆಮೇಲೆ, ಇಷ್ಟು ವರ್ಷದಲ್ಲಿ ನಾನೆಂದೂ ಅವರ ಬಾಯಲ್ಲಿ ಕೇಳದ ಒಂದು ಅಳುಕು ದನಿಯಲ್ಲಿ ಕೇಳಿದರು.

"ಅವರು ನಮ್ಮ ಕೈಯಾಗಿಂದು ಉಣ್ತಾರೇನಬೇ?"

"ಗೊತ್ತಿಲ್ರಿ. ಕೇಳಿ ಬರ್ಲೇನು?"

"ಬ್ಯಾಡ. ಕೇಳಬಾರದು." ಕೈ ಊರಿ ಏಳಲು ನೋಡಿದರು, ಆಗಲಿಲ್ಲ, ಮತ್ತೆ ಕೂತರು. "ಮಾಡಿ ಕಳಸೂಣು. ಉಂಡ್ರ ಉಣ್ತಾರ, ಬಿಟ್ರ ಬಿಡ್ತಾರ. ಜ್ವಾಳದ ಹಿಟ್ಟು ಎಷ್ಟೈತಿ ನೋಡು."

ನಾನು ಕಾಲು ತೊಳೆದುಕೊಂಡು ಒಳಗೆ ಹೋದೆ. ದೊಡ್ಡ ಡಬ್ಬಿ ಇಳಿಸಿ ಹಿಟ್ಟು ಜರಡಿ ಹಿಡಿದೆ. ಮಗಳಿಗೆ ಬದನೆಕಾಯಿ ಹೆಚ್ಚಲು ಹೇಳಿ, ರೊಟ್ಟಿಗೆ ನೀರು ಕಾಯಲು ಇಟ್ಟೆ.